ಅಪ್ಪನಿಗೆ ದನಿ ಕೇಳಿಸುತ್ತೆ, ಮಾತು ತಿಳಿಯಲ್ಲ. ಜೋರಾಗಿ ಹೇಳಿದರೆ 'ಯಾಕೆ ಕೂಗ್ತೀಯ' ಅಂತ ಬೈತಾರೆ. ಯಾವ ಮೆಷಿನ್ ಕೊಡಿಸಲಿ?

ವಯಸ್ಸಾದಂತೆ ಕಿವಿ ಎಲ್ಲ ಶಬ್ದವನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ, ಅದಕ್ಕೇ ಹೀಗೆ. ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಶಬ್ದಗಳು. ಆ, ಓ ಥರದ ಸ್ವರಗಳ ದನಿ ದಪ್ಪ, ಅವು ಕೇಳಿಸುತ್ತಲೇ ಇರುತ್ತವೆ. ಆದರೆ ಮಾತಿನ ಗುರುತು ಸಿಗುವುದು ಸ, ಕ, ಪ ಥರದ ಅಕ್ಷರಗಳಿಂದ ಅಲ್ವಾ? 'ಸ'ದ ಸದ್ದು ಬಹುಪಾಲು 4000 ಹರ್ಟ್ಸ್‌ಗಿಂತ (ಸೆಕೆಂಡಿಗೆ 4000 ಕಂಪನ) ಮೇಲಿರುತ್ತದೆ, ಅಂದರೆ ತುಂಬಾ ಕೀರಲು. ಅವೆಲ್ಲ ಮಸುಕಾದರೆ ಸಾಲು, ಕಾಲು, ಪಾಲು ಮೂರೂ ಬರೀ 'ಆಲು'.

ಬೈಯುವುದೂ ಸುಮ್ನೆ ಅಲ್ಲ. ಒಳಗಿವಿಯಲ್ಲಿ ಮೆಲುದನಿಯನ್ನು ಹಿಗ್ಗಿಸುವ ಜೀವಕೋಶಗಳಿವೆ. ಅವು ಹಾಳಾದರೆ ಮೆಲ್ಲನೆಯದು ಕೇಳಿಸುವುದಿಲ್ಲ, ಜೋರು ಶಬ್ದ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಜೋರು. ನೀವು ಕೂಗಿದಾಗ ಆ ದಪ್ಪ 'ಆ' ಕಿವಿಗೆ ಬಡಿಯುತ್ತದೆ, 'ಸ' ಆಗಲೂ ಸರಿಯಾಗಿ ಸಿಗುವುದಿಲ್ಲ.

ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಏರಿಸುವ ಅಗ್ಗದ ಮೆಷಿನ್ ಆನ್‌ಲೈನ್‌ನಲ್ಲಿ ತರಿಸಬೇಡಿ. ಅದರಲ್ಲಿ ಮಾತಿಗಿಂತ ಫ್ಯಾನ್ ಸದ್ದೇ ಜಾಸ್ತಿ. ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ, ಕೆಲವೊಮ್ಮೆ ಬರೀ ಗುಗ್ಗೆ ಕಟ್ಟಿರುತ್ತದೆ. ಆಮೇಲೆ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರ ಹತ್ತಿರ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಹೆಸರಾದದ್ದು. ಯಾವ ಶಬ್ದ ಎಷ್ಟು ಕಡಿಮೆಯಾಗಿದೆಯೋ ನೋಡಿ, ಅದಕ್ಕೆ ತಕ್ಕ ಹಾಗೆ ಏರಿಸುವಂತೆ ಡಿಜಿಟಲ್ ಮೆಷಿನ್ ಹೊಂದಿಸಿಕೊಡುತ್ತಾರೆ. ನನ್ನ ಪ್ರಕಾರ ಮೆಷಿನ್ನಿನ ಬ್ರ್ಯಾಂಡಿಗಿಂತ ಈ ಹೊಂದಿಸುವ ಕೆಲಸವೇ ಮುಖ್ಯ.

ಹಾಕಿಕೊಂಡ ಮೊದಲ ವಾರಗಳಲ್ಲಿ ತಟ್ಟೆ ಇಟ್ಟ ಸದ್ದೂ ಕಿರಿಕಿರಿ ಮಾಡುತ್ತದೆ. ಮಿದುಳಿಗೆ ರೂಢಿಯಾಗಬೇಕು. ಡ್ರಾಯರಿಗೆ ಹಾಕಲು ಬಿಡಬೇಡಿ, ದಿನಕ್ಕೆ ಸ್ವಲ್ಪ ಹೊತ್ತಿನಿಂದ ಶುರು ಮಾಡಿಸಿ.