ಸದ್ದು ಅಭ್ಯಾಸ ಆಗಿದೆ ಅಂತಾರೆ ಅಮ್ಮ, ಕಾಯಬಹುದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಮ್ಮಂಗೆ 58 ವರ್ಷ. ಐದಾರು ತಿಂಗಳಿಂದ ಬಲಗಿವೀಲಿ ನಾಡಿ ಬಡಿದ ಹಾಗೇ ಜುಯ್ ಜುಯ್ ಅನ್ನುತ್ತೆ, ರಾತ್ರಿ ಮಲಗಿದ್ರೆ ಇನ್ನೂ ಜೋರು. ಕಿವಿಗೆ ಡ್ರಾಪ್ಸ್ ಹಾಕಿದ್ರೂ ಹೋಗ್ಲಿಲ್ಲ. ಈಗ ಎಂಆರ್‌ಐ, ಡಿಎಸ್‌ಎ (ರಕ್ತನಾಳದ ಎಕ್ಸ್‌ರೇ ಪರೀಕ್ಷೆ) ಎಲ್ಲಾ ಆಗಿ ‘ಡ್ಯೂರಲ್ ಎವಿ ಫಿಸ್ಟುಲಾ, ಕಾರ್ಟಿಕಲ್ ವೇನ್ ರಿಫ್ಲಕ್ಸ್ ಇದೆ, ಎಂಬೊಲೈಸೇಶನ್ ಮಾಡ್ಬೇಕು, ಅಂದ್ರೆ ಗಮ್ ಥರದ ದ್ರವ ಬಿಟ್ಟು ಆ ರಕ್ತನಾಳ ಮುಚ್ಚಬೇಕು’ ಅಂದಿದ್ದಾರೆ. ಅಮ್ಮ ಮಾತ್ರ ಮಿದುಳಿಗೆ ಗಮ್ ತುಂಬಿಸ್ಕೊಳ್ಳಲ್ಲ ಅಂತ ಹಠ ಹಿಡಿದಿದ್ದಾರೆ. ಕಾಯಬಹುದಾ?
– ಒಬ್ಬ ಓದುಗರು, ಶಿರಸಿ

ಉತ್ತರ: ಕಾಯಬೇಡಿ. ಮಿದುಳಿನ ಮೇಲೆ ಡ್ಯೂರಾ ಅಂತ ಗಟ್ಟಿ ಪೊರೆ ಇರುತ್ತೆ, ಅಲ್ಲಿನ ಅಪಧಮನಿ ಸೀದಾ ಅಭಿಧಮನಿಗೆ (ವೇನ್) ಕೂಡಿಕೊಂಡಿದೆ, ಅದೇ ಫಿಸ್ಟುಲಾ. ಮೋಟರಿನ ಪ್ರೆಶರ್ ಲೈನನ್ನ ತೆಳ್ಳನೆ ಡ್ರಿಪ್ ಪೈಪಿಗೆ ಜೋಡಿಸಿದ ಹಾಗೆ. ಆ ರಕ್ತ ನುಗ್ಗೋ ಸದ್ದೇ ಅಮ್ಮಂಗೆ ಕೇಳ್ತಿರೋದು, ಎಷ್ಟೋ ಸಲ ಕಿವಿ ಹಿಂದೆ ಸ್ಟೆತಸ್ಕೋಪ್ ಇಟ್ರೆ ನಮಗೂ ಕೇಳುತ್ತೆ.

ಆದ್ರೆ ಭಯ ಸದ್ದಿಂದಲ್ಲ, ಆ ರಿಫ್ಲಕ್ಸ್ ಅನ್ನೋ ಪದದ್ದು. ಅದು ಇಲ್ಲದೇ ಇದ್ದಿದ್ರೆ, ಸದ್ದು ತಡ್ಕೊಳ್ಳೋ ಹಾಗಿದ್ರೆ, ನೋಡ್ಕೊಂಡು ಇರೋಣ ಅಂತ ನಾನೇ ಹೇಳ್ತಿದ್ದೆ. ಇಲ್ಲಿ ರಕ್ತ ವಾಪಸ್ ಮಿದುಳಿನ ವೇನುಗಳಿಗೇ ತಿರುಗಿದೆ, ಅವು ಒಡೆದ್ರೆ ರಕ್ತಸ್ರಾವ, ಒಡೀದಿದ್ರೂ ಫಿಟ್ಸು, ಮರೆವು ಬರಬಹುದು. ಇನ್ನೊಂದು, ಚಿಕಿತ್ಸೆ ಇಲ್ಲದೇ ಸದ್ದು ತಾನಾಗೇ ನಿಂತ್ರೆ ವಾಸಿ ಆಯ್ತು ಅನ್ಕೋಬೇಡಿ, ರಕ್ತ ದಾರಿ ಬದಲಿಸಿರಬಹುದು, ತಕ್ಷಣ ತೋರಿಸಿ.

ಗಮ್ ಮಿದುಳಿಗೆ ಹೋಗಲ್ಲ ಅಂತ ಅಮ್ಮಂಗೆ ಹೇಳಿ. ತಲೆಬುರುಡೆ ತೆಗೆಯಲ್ಲ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು ತೊಡೆಸಂದು ಅಥವಾ ಮಣಿಕಟ್ಟಿಂದ ಸಣ್ಣ ಟ್ಯೂಬ್ ಹಾಕಿ, ಡ್ಯೂರಾದ ರಕ್ತನಾಳದ ತನಕ ಹೋಗಿ ಗಮ್ ಥರದ ದ್ರವ ಬಿಡ್ತಾರೆ, ಅನೇಕ ಆಸ್ಪತ್ರೆಗಳಲ್ಲಿ ಅದು ಆನಿಕ್ಸ್ ಅನ್ನೋದು, ಟ್ಯಾಂಟಲಮ್ ಪುಡಿ ಇರೋದ್ರಿಂದ ಎಕ್ಸ್‌ರೇ ಪರದೆ ಮೇಲೆ ಅದು ಕಪ್ಪಗೆ ಹರಿಯೋದು ಕಾಣುತ್ತೆ. ಒಂಚೂರು ತಳ್ಳೋದು, ನಿಲ್ಲಿಸೋದು, ನೋಡೋದು, ಮತ್ತೆ ತಳ್ಳೋದು, ಗಂಟೆಗಟ್ಟಲೆ ಆಗುತ್ತೆ. ಅದು ವೇನು ಶುರುವಾಗೋ ಜಾಗಕ್ಕೆ ಮುಟ್ಟಲೇಬೇಕು, ಬರೀ ಅಪಧಮನಿ ಮುಚ್ಚಿದ್ರೆ ಪಕ್ಕದ್ದು ಬಂದು ಸೇರ್ಕೊಳ್ಳುತ್ತೆ. ಸ್ಟ್ರೋಕ್, ಮುಖದ ನರಕ್ಕೆ ಪೆಟ್ಟು, ಇಂಥ ರಿಸ್ಕ್ ಇದ್ದೇ ಇದೆ, ಮುಚ್ಚಿಡಲ್ಲ, ಅಮ್ಮನ ಫಿಸ್ಟುಲಾದಲ್ಲಿ ಎಷ್ಟು ಅಂತ ನಿಮ್ಮ ಡಾಕ್ಟ್ರನ್ನ ಬಿಡಿಸಿ ಕೇಳಿ, ಒಂದೇ ಸಲಕ್ಕೆ ಮುಗಿಯುತ್ತಾ ಅಂತಾನೂ ಕೇಳಿ. ಶುಗರ್ ಮಾತ್ರೆ, ರಕ್ತ ತೆಳುವಾಗೋ ಮಾತ್ರೆ, ಕಿಡ್ನಿ ತೊಂದರೆ ಇದ್ರೆ ಮೊದಲೇ ಹೇಳಿ.

ಆಮೇಲೆ ಒಂದೆರಡು ದಿನ ಅಮ್ಮನ ಉಸಿರಲ್ಲಿ ಬೆಳ್ಳುಳ್ಳಿ ವಾಸನೆ ಬರಬಹುದು, ಗಾಬರಿಯಾಗ್ಬೇಡಿ, ಅದು ಆ ದ್ರವದ್ದು. ಕೆಲವು ತಿಂಗಳಾದ್ಮೇಲೆ ಚೆಕ್ ಡಿಎಸ್‌ಎ ಹೇಳಿದ್ರೆ ತಪ್ಪಿಸ್ಬೇಡಿ. ಡೇಟ್ ಸಿಗೋದ್ರೊಳಗೆ ದಿಢೀರ್ ಅಂತ ಭಾರೀ ತಲೆನೋವು, ಫಿಟ್ಸು, ಮಾತು ತೊದಲೋದು ಆದ್ರೆ ಡೇಟಿಗೆ ಕಾಯದೆ ಅವತ್ತೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.