ಪಟ್ಟಿ ಬರುತ್ತದೆ, ಜನ ಬರುವುದಿಲ್ಲ

ಪಂಜಾಬಿನ ಗಡಿಯಲ್ಲಿರುವ ಅಟಾರಿಯ ಗೇಟೇ ಮುಚ್ಚಿರುವಾಗ ಭಾರತ, ಪಾಕಿಸ್ತಾನ ಕೈದಿಗಳ ಪಟ್ಟಿ ಕೊಟ್ಟು ತೆಗೆದುಕೊಳ್ಳುವುದು ನಾಟಕವಲ್ಲವೇ ಎಂದು ಕೇಳಿದ್ದೀರಿ. ಭಾವ ಗುಜರಾತಿನ ಪೋರಬಂದರಿನ ಮೀನುದೋಣಿಯಲ್ಲಿದ್ದಾಗ ಪಾಕಿಸ್ತಾನದವರ ಕೈಗೆ ಸಿಕ್ಕಿಬಿದ್ದರೆಂದೂ ಬರೆದಿದ್ದೀರಿ, ಸಿಟ್ಟು ಸಹಜ.

ನಾಟಕವಲ್ಲ, ಅರ್ಧ ಕೆಲಸ. 2008ರ ಒಪ್ಪಂದದಂತೆ ಪ್ರತಿ ಜನವರಿ 1 ಮತ್ತು ಜುಲೈ 1ರಂದು ಪಟ್ಟಿ ಕೊಡಲೇಬೇಕು. 2025ರಲ್ಲಿ ಪಹಲ್ಗಾಮ್ ದಾಳಿಯ ಬಳಿಕ ಹೈಕಮಿಷನ್ ಸಿಬ್ಬಂದಿಯನ್ನು 55ರಿಂದ 30ಕ್ಕೆ ಇಳಿಸಿದರೂ ಜುಲೈ ಪಟ್ಟಿ ತಪ್ಪಲಿಲ್ಲ. ಅದೇ ಒಪ್ಪಂದದಲ್ಲಿ ಇನ್ನೊಂದು ಸಾಲಿದೆ: ಶಿಕ್ಷೆ ಮುಗಿದು ಪೌರತ್ವ ಖಚಿತವಾದ ಒಂದು ತಿಂಗಳೊಳಗೆ ಬಿಡುಗಡೆ. ಎಡವುವುದು ಇಲ್ಲೇ. ಜೈಲುಗಳಿಗೆ ಹೋಗಿ ನೋಡಬೇಕಾದ ನಿವೃತ್ತ ನ್ಯಾಯಾಧೀಶರ ಜಂಟಿ ಸಮಿತಿ ಕೊನೆಯ ಸಲ ಹೊರಟದ್ದು 2013ರಲ್ಲಿ. 2018ರಲ್ಲಿ ಅದಕ್ಕೆ ಮರುಜೀವ ಕೊಡಲು ಒಪ್ಪಿದರು, ಅಷ್ಟೇ.

ಮಂಜೇಶ್ವರದ ಕಡಲತಡಿಯಲ್ಲಿ ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರನ್ನು, ಮೀನುಗಾರರು ಕಡಲಿನಲ್ಲಿ ಗಡಿ ದಾಟುವುದೇಕೆ ಎಂದು ಒಮ್ಮೆ ಕೇಳಿದ್ದೆ. ಕೈ ನಿಲ್ಲಿಸದೆಯೇ, "ನೀರಿನ ಮೇಲೆ ಗೆರೆ ಎಳೆದು ತೋರಿಸಿ, ದಾಟುವುದಿಲ್ಲ" ಎಂದರು. ನನ್ನ ಬಾಯಿ ಕಟ್ಟಿತು.

ಪೌರತ್ವ ಖಚಿತವಾಗಲು ನೀವು ಮಾಡಬಹುದಾದದ್ದು ಒಂದಿದೆ. ಭಾವನ ಪಡಿತರ ಚೀಟಿ, ಮತದಾರರ ಗುರುತಿನ ಚೀಟಿ, ಶಾಲೆಯ ಪ್ರಮಾಣಪತ್ರದ ಪ್ರತಿಗಳನ್ನು ಹಿಡಿದು ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ ಹೋಗಿ, ಅರ್ಜಿ ಕೊಟ್ಟು ರಶೀದಿ ಪಡೆಯಿರಿ. ಹೋಗುವ ಮೊದಲು ಹೆಸರುಗಳನ್ನು ತಾಳೆ ನೋಡಿ. ನಮ್ಮ ಕಡೆ ಶಾಲೆಯ ಕಾಗದ ಕನ್ನಡದಲ್ಲಿ, ಪಡಿತರ ಚೀಟಿ ಮಲಯಾಳದಲ್ಲಿ. ಒಬ್ಬನೇ ಮನುಷ್ಯ ಇಂಗ್ಲಿಷಿಗೆ ಬರುವಷ್ಟರಲ್ಲಿ ಇಬ್ಬರಾಗಿರುತ್ತಾನೆ.