ಹೊತ್ತಿದ ಗಂಜಿ, ಹೋದ ಹೊತ್ತು

ನಮಸ್ಕಾರ.

ನೀವು ಕಳಿಸಿದ ‘ಹೊತ್ತಿ ಉರಿಯುವ ಹೊತ್ತು’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಶುರು ಚೆನ್ನಾಗಿದೆ. ಅಮ್ಮ ಫೋನಿನಲ್ಲಿ ಮಾತಾಡುತ್ತಾ ಒಲೆ ಮೇಲಿನ ಗಂಜಿ ಮರೆತದ್ದು, ಅಡಿ ಹೊತ್ತಿದ ವಾಸನೆ ಪಕ್ಕದ ಮನೆಗೂ ಮುಟ್ಟಿದ್ದು. ಗಂಜಿ ‘ಸುಟ್ಟಿತು’ ಅನ್ನದೆ ‘ಹೊತ್ತಿತು’ ಅಂದಿರಿ ನೋಡಿ, ಅಲ್ಲಿ ನನಗೆ ಖುಷಿಯಾಯಿತು. ಸುಡುವುದು ಬೇಕೆಂದೇ ಮಾಡುವ ಕೆಲಸವೂ ಹೌದು. ಹಪ್ಪಳ ಸುಡುತ್ತೇವೆ, ಗೇರುಬೀಜ ಸುಡುತ್ತೇವೆ. ಹೊತ್ತುವುದು ತಾನಾಗಿ ಆಗುವಂಥದ್ದು. ನಾವೇ ಮಾಡಿದರೆ ಅದು ‘ಹೊತ್ತಿಸು’.

ಎಡವಟ್ಟು ಮೂರನೇ ಪುಟದಲ್ಲಿ. ಸೂರ್ಯ ಹೊತ್ತಿ ಉರಿಯುವುದರಿಂದಲೇ ಸಮಯಕ್ಕೆ ‘ಹೊತ್ತು’ ಅನ್ನುತ್ತಾರೆ ಅಂತ ಬರೆದಿದ್ದೀರಿ. ಕೇಳಲು ಚೆಂದ, ಆದರೆ ತಪ್ಪು. ಹಳಗನ್ನಡದಲ್ಲಿ ಬೆಂಕಿಯದ್ದು ‘ಪೊತ್ತು’, ಸಮಯದ್ದು ‘ಪೊೞ್ತು’ (ೞ ಅಂದರೆ ಈಗ ಬಳಕೆ ತಪ್ಪಿದ ಹಳೆಯ ಅಕ್ಷರ). ತಮಿಳಿನ ‘ಪೊೞುದು’ ಈ ಎರಡನೆಯದರ ನಂಟ. ಮುಂದೆ ಕನ್ನಡದಲ್ಲಿ ಈ ಮಾತಿನ ೞ ಬಿದ್ದುಹೋಯಿತು, ಪ ಹೋಗಿ ಹ ಬಂತು. ಬೇರೆ ಬೇರೆ ಮಾತುಗಳು ಸವೆದು ಸವೆದು ಒಂದೇ ಥರ ಕಾಣತೊಡಗಿದವು, ಅಷ್ಟೆ.

ಇದಕ್ಕೆ ನಿಘಂಟೂ ಬೇಕಾಗಿರಲಿಲ್ಲ. (ಕಿಟ್ಟೆಲ್ ನಿಘಂಟು 1894ರಲ್ಲಿ ನಿಮ್ಮ ಮಂಗಳೂರಲ್ಲೇ ಅಚ್ಚಾದದ್ದು. ಒಮ್ಮೆ ತೆರೆದು ನೋಡಿ, ಅದು ಬೇರೆ ಮಾತು.) ಮನೆಮಾತು ತುಳು ಅಂತ ಪತ್ರದಲ್ಲಿ ನೀವೇ ಹೇಳಿದ್ದೀರಿ. ಹಾಗಿದ್ದರೆ ಉತ್ತರ ದಿನಾ ನಿಮ್ಮ ಬಾಯಲ್ಲೇ ಇದೆ, ಅಲ್ವಾ? ಬೆಂಕಿಗೆ ‘ಪೊತ್ತುನಿ’, ಸಮಯಕ್ಕೆ ‘ಪೊರ್ತು’. ತುಳು ಪಕಾರವನ್ನು ಬಿಟ್ಟುಕೊಡಲಿಲ್ಲ, ನಮ್ಮ ಹುಲಿ ಅಲ್ಲಿ ಇನ್ನೂ ‘ಪಿಲಿ’. ೞ ಇದ್ದ ಜಾಗದಲ್ಲಿ ರ ಬಂದು ಕೂತಿತು. ಹುಳುವನ್ನೇ ನೋಡಿ: ಹಳಗನ್ನಡದಲ್ಲಿ ‘ಪುೞು’, ತುಳುವಿನಲ್ಲಿ ‘ಪುರಿ’. ಹಾಗಾಗಿ ಆ ಎರಡು ಹೊತ್ತುಗಳು ತುಳುವಿನಲ್ಲಿ ಇವತ್ತಿಗೂ ಬೆರೆತಿಲ್ಲ.

ತಲೆ ಮೇಲೆ ಮೂಟೆ ‘ಹೊತ್ತು’ ತರುವುದನ್ನೂ ಸುಮ್ನೆ ಇದೇ ಗುಂಪಿಗೆ ಎಳೆದಿದ್ದೀರಿ. ಅದು ‘ಹೊರು’ವಿನ ರೂಪ. ಆ ಪ್ಯಾರಾ ಪೂರ್ತಿ ತೆಗೆಯಿರಿ.

ಈಗ ಸೂರ್ಯನನ್ನು ಬಿಟ್ಟು ಮತ್ತೆ ಅಡುಗೆಮನೆಗೆ ಹೋಗಿ. ಪಾತ್ರೆ ಇಳಿಸುವಾಗ ಅಮ್ಮ ಹೇಳಿದ್ದನ್ನು ನೀವು ಪುಸ್ತಕದ ಕನ್ನಡಕ್ಕೆ ತಿರುಗಿಸಿದ್ದೀರಿ ಅಂತ ನನ್ನ ಅನುಮಾನ. ಅವರು ತುಳುವಿನಲ್ಲಿ ಏನಂದರೋ ಅದನ್ನೇ ಹಾಕಿ. ‘ಪೊರ್ತು’, ‘ಪೊತ್ತು’ ಎರಡೂ ಅಲ್ಲೇ ಸಿಕ್ಕರೆ ಮೂರನೇ ಪುಟವೇ ಬೇಡ. ಎಂಟುನೂರು ಪದ ಮೀರದ ಹಾಗೆ ಇನ್ನೊಮ್ಮೆ ಬರೆದು ಕಳಿಸಿ, ಓದುತ್ತೇನೆ.

— ಸಂಪಾದಕ, ಉಡುಪಿ